ಬಲಗಡೆಯ ಹುಟ್ಟು

ಮಾರ್ಚ್ 9, ಭಾನುವಾರ

ಅಣ್ಣನ ಅಂಗಡಿ ಇವತ್ತು ಪೂರ್ತಿಯಾಗಿ ಮನೆಗೆ ಬಂದು ಬಿತ್ತು. ಹಳೆಯ ವಿಡಿಯೋ ಗೇಮ್ ಮೆಷಿನ್‌ಗಳು, ಹಳದಿ ತಿರುಗಿದ ಅವುಗಳ ಪ್ಲಾಸ್ಟಿಕ್ ಮೈ, ಬಾಲದಂಥ ವೈರು ಸುತ್ತಿಕೊಂಡ ಕಂಟ್ರೋಲರ್‌ಗಳು, ಡಬ್ಬಗಟ್ಟಲೆ ಕಾರ್ಟ್ರಿಡ್ಜ್, ಅವನ ಭೂತಗನ್ನಡಿ, ಬೆಸುಗೆ ಕಡ್ಡಿ. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಈ ಮನೆಗೆ ಬಂದದ್ದು ಅವನನ್ನು ನೋಡಿಕೊಳ್ಳಲು, ಗುಜರಿಯನ್ನು ನೋಡಿಕೊಳ್ಳಲು ಅಲ್ಲ ಎಂದು ಅತ್ತಿಗೆಯ ಮುಂದೆ ಗೊಣಗಿದೆ. ಅವಳು ಡಬ್ಬಗಳನ್ನು ಗೋಡೆಗೆ ಒತ್ತರಿಸಿ ದಾರಿ ಮಾಡಿದಳು. ಅತ್ತಿಗೆ ನನ್ನ ವಯಸ್ಸಿನವಳೇ, ಈಜುಕೊಳದಲ್ಲಿ ಈಜು ಕಲಿಸುತ್ತಾಳೆ. ಅಲ್ಲಿ ದಿನವಿಡೀ ಕೂಗಿ ಕೂಗಿ, ಮನೆಗೆ ಬರುವಷ್ಟರಲ್ಲಿ ಮಾತನ್ನೆಲ್ಲ ನೀರಿಗೇ ಬಿಟ್ಟು ಬಂದಿರುತ್ತಾಳೆ.

ಕಾಯಿಲೆಯ ಹೆಸರು ಉದ್ದ. ನಾವು ಮೂವರೂ ‘ಅದು’ ಎನ್ನುತ್ತೇವೆ. ನರಗಳು ಒಂದೊಂದಾಗಿ ಕೈಬಿಡುತ್ತವೆ, ಸ್ನಾಯು ಸೊರಗುತ್ತದೆ, ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿರುತ್ತದೆ ಎಂದರು ಡಾಕ್ಟರು. ಅದನ್ನು ಸಮಾಧಾನವೆಂಬಂತೆ ಹೇಳಿದರು. ಅಣ್ಣನಿಗೆ ಶುರುವಾದದ್ದು ಬಲಗೈ ಹೆಬ್ಬೆರಳಿನಿಂದ. ಕಾದ ಬೆಸುಗೆ ಕಡ್ಡಿ ಜಾರಿ ಗಿರಾಕಿಯ ಮೆಷಿನ್ ಮೇಲೆ ಬಿದ್ದ ದಿನ ಅವನೇ ಅಂಗಡಿಯ ಬಾಗಿಲು ಎಳೆದ.

"ಹಲ್ಲಿ, ಬಾ ಇಲ್ಲಿ," ಎಂದು ಸಂಜೆ ಕರೆದ. ನಾನು ಕೃತಕ ಹಲ್ಲು ಮಾಡುವ ಲ್ಯಾಬಿಗೆ ಸೇರಿದ ದಿನದಿಂದ ಅವನ ಬಾಯಲ್ಲಿ ನನ್ನ ಹೆಸರು ಅದೇ. "ರಿಪೇರಿ ಬಾಕಿ ಇರೋವು ಸ್ವಲ್ಪ ಇವೆ. ನಿನ್ನ ಕೈ, ನನ್ನ ತಲೆ. ಮುಗಿಸಿಬಿಡೋಣ."

"ನನಗೆ ಹಲ್ಲು ಬಿಟ್ರೆ ಬೇರೇನೂ ಗೊತ್ತಿಲ್ಲ."

"ಇದೂ ಬಾಯೇ ಕಣೇ. ಕಾರ್ಟ್ರಿಡ್ಜ್ ಕೊಟ್ರೆ ಸರಿಯಾಗಿ ಕಚ್ಚಬೇಕು, ಅಷ್ಟೇ."

ಮಾರ್ಚ್ 23, ಭಾನುವಾರ

ಕಾರ್ಟ್ರಿಡ್ಜ್ ಓಡಲಿಲ್ಲ. ಎಲ್ಲರೂ ಮಾಡುವಂತೆ ಬಾಯಿಂದ ಊದಿದೆ. ಸರಿಯಾಗಿ ಉಗಿಸಿಕೊಂಡೆ. ಉಸಿರಿನ ತೇವಕ್ಕೆ ಒಳಗಿನ ಲೋಹದ ಪಟ್ಟಿಗಳು ಕಿಲುಬು ಹಿಡಿಯುತ್ತವಂತೆ. ಹತ್ತಿಕಡ್ಡಿಗೆ ಸ್ಪಿರಿಟ್ ತಾಗಿಸಿ ಮೆಲ್ಲಗೆ ಒರೆಸಬೇಕು, ಕಡ್ಡಿ ಬೆಳ್ಳಗೆ ಬರುವವರೆಗೆ. ಇನ್ನೊಂದು ಮೆಷಿನ್ ಬಿಚ್ಚಿದರೆ ಹಳಸಿದ ಮೀನಿನ ವಾಸನೆ. ಕೆಪಾಸಿಟರ್ ಸೋರಿ ಒಳಗಿನ ಸರ್ಕ್ಯೂಟ್ ಹಲಗೆಯೆಲ್ಲ ಅಂಟಂಟು. ಮೇಣ ಕೆರೆಯುವ ನಮ್ಮ ಲ್ಯಾಬಿನ ಸಲಾಕೆಯನ್ನೇ ತಂದಿದ್ದೆ, ಅದರಿಂದ ಕೆರೆದು ತೆಗೆದೆ. "ಪರವಾಗಿಲ್ವೇ," ಎಂದ. ಅವನ ಬಾಯಲ್ಲಿ ಅದು ಸನ್ಮಾನ.

ಆಮೇಲೆ ದೋಣಿ ಆಟ ಹಾಕಿಸಿದ. ಚಿಕ್ಕಂದಿನಲ್ಲಿ ನಾವಿಬ್ಬರೂ ಆಡುತ್ತಿದ್ದದ್ದು. ಒಂದೇ ದೋಣಿ, ಇಬ್ಬರು ಅಂಬಿಗರು. ಬಲಗಡೆಯ ಹುಟ್ಟು ಅವನದು, ಎಡಗಡೆಯದು ನನ್ನದು. ತಲಾ ಒಂದೇ ಬಟನ್. ಇಬ್ಬರೂ ಹದವರಿತು ಒತ್ತಿದರೆ ದೋಣಿ ಬಂಡೆ ತಪ್ಪಿಸಿಕೊಂಡು ಹೊಳೆಯ ಧುಮುಕುಗಳನ್ನು ದಾಟುತ್ತದೆ. ಒಬ್ಬರು ತಡಮಾಡಿದರೆ ಸುತ್ತು ಹೊಡೆದು ಮಗುಚಿಕೊಳ್ಳುತ್ತದೆ. ಆಗ ಅವನು "ಹಾಕು, ಹಾಕು, ಹಾಕೇ ಕತ್ತೆ!" ಎಂದು ಕಿರುಚುತ್ತಿದ್ದ. ಇವತ್ತೂ ಕಿರುಚಿದ.

ಏಪ್ರಿಲ್ 17

ಹೆಬ್ಬೆರಳು ಪೂರ್ತಿ ಹೋಯಿತು. ಊಟದ ಬಿಡುವಿನಲ್ಲಿ ಲ್ಯಾಬಿನಿಂದ ಅಚ್ಚು ತೆಗೆಯುವ ಪುಡಿ ತಂದು, ಕಲಸಿ, ಅವನ ಅಂಗೈಯನ್ನು ಅದರಲ್ಲಿ ಒತ್ತಿಸಿದೆ. ಗಚ್ಚಿನ ಅಚ್ಚು, ಅದರ ಮೇಲೆ ಮೇಣ, ಆಮೇಲೆ ದಂತಪಂಕ್ತಿಗೆ ಬಳಸುವ ಗುಲಾಬಿ ಅಕ್ರಿಲಿಕ್. ಈಗ ಕಂಟ್ರೋಲರ್ ಅವನ ಕೈಗೆ ಕೈಗವಸಿನಂತೆ ಕೂರುತ್ತದೆ, ಅಂಗೈ ಬುಡದಿಂದ ಒತ್ತಿದರೆ ಸಾಕು. ಬಟನ್ ಕೆಳಗಿನ ರಬ್ಬರ್ ಮೂವತ್ತು ವರ್ಷದಲ್ಲಿ ಗಟ್ಟಿಯಾಗಿತ್ತು. ಅದನ್ನು ಕಿತ್ತು ಮೆತ್ತನೆಯ ಸಿಲಿಕಾನ್ ಎರೆದೆ.

"ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ಬೆರಳು ಹೋದ್ಮೇಲೆ ಒಸಡು ಬಂತು ನೋಡು," ಎಂದು ಆ ಗುಲಾಬಿ ಬಣ್ಣ ನೋಡಿ ನಕ್ಕ. ಮೂರನೇ ಧುಮುಕನ್ನು ದಾಟಿದೆವು. ಅತ್ತಿಗೆ ಟವೆಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸ್ನಾನದ ನೀರು ಆರಿತು ಎಂದಳು, ಅಷ್ಟೇ.

ಮೇ 30

ಚಮಚ ಹಿಡಿಯುತ್ತಿಲ್ಲ. ಮಾತು ತೊದಲುತ್ತಿದೆ. ಬಾಕಿ ಇದ್ದ ಕೊನೆಯ ಮೆಷಿನ್ ಮುಗಿಸಿ ಗಿರಾಕಿಗೆ ಕೊಟ್ಟೆ.

ಜೂನ್ 15, ಭಾನುವಾರ

ಅತ್ತಿಗೆಯ ಜೊತೆ ಜಗಳ. ನಾನು ಆಟಕ್ಕೆ ವೈರು ಜೋಡಿಸುತ್ತಿದ್ದೆ. ಅವಳು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಇವತ್ತು ಅವನನ್ನ ಸುಮ್ನೆ ಬಿಡು."

"ಯಾಕೆ? ಅವನಿಗೆ ಇರೋ ಖುಷಿ ಅದೊಂದೇ."

"ಅವನಿಗೆ ಸುಸ್ತಾಗುತ್ತೆ. ಕತ್ತು ನೋಯುತ್ತೆ. ನಿನಗೆ ಬೇಜಾರಾಗಬಾರದು ಅಂತ ಆಡ್ತಾನೆ."

"ಹಾಗಂತ ಅವನು ಹೇಳಿದ್ನಾ?"

"ಎಲ್ಲಾನೂ ಹೇಳ್ಬೇಕಾ?"

ನನಗೆ ನಗು ಬಂತು. ನಕ್ಕೆ ಕೂಡ. ಇಪ್ಪತ್ತು ವರ್ಷ ಸಂಸಾರ ಮಾಡಿದರೂ ಅವಳು ಒಂದು ದಿನ ಕಂಟ್ರೋಲರ್ ಮುಟ್ಟಿದವಳಲ್ಲ. ನಮ್ಮಿಬ್ಬರದು ಹಾಲು ಹಲ್ಲಿನ ಕಾಲದ ನಂಟು, ಅದು ಅವಳಿಗೆ ಎಲ್ಲಿ ತಿಳಿಯಬೇಕು? ಹೊಟ್ಟೆಕಿಚ್ಚು ಅನ್ನೋದು ಯಾರನ್ನೂ ಬಿಟ್ಟಿಲ್ಲ. ಆಟ ಹಾಕಿದೆ. ಅಣ್ಣ ಆಡಿದ. ಬೇಗ ಮಗುಚಿಕೊಂಡೆವು.

ಜುಲೈ 19, ಶನಿವಾರ

ಕೈ ಮುಗಿಯಿತು. ಕಾಲಿಗೆ ಮಾಡಿದ ಪೆಡಲ್ ಮೂರು ವಾರ ಬಂತು, ಅದೂ ಮುಗಿಯಿತು. ಮಾತು ಈಗ ಬರೀ ಗಾಳಿ. ಅಕ್ಷರಗಳ ಹಲಗೆ ಹಿಡಿದರೆ ಕಣ್ಣಿನಿಂದ ಒಂದೊಂದೇ ಅಕ್ಷರ ತೋರಿಸುತ್ತಾನೆ.

ಆದರೆ ಬಲಗೆನ್ನೆ ಇದೆ. ನಕ್ಕರೆ ಈಗಲೂ ಮೇಲೇಳುತ್ತದೆ. ಅದನ್ನೇ ಹಿಡಿದೆ. ಅವನ ಕನ್ನಡಕದ ಕಡ್ಡಿಗೆ ಪುಟ್ಟ ಸ್ವಿಚ್ ಕೂರಿಸಿ, ಕೆನ್ನೆಯ ಅಚ್ಚು ತೆಗೆದು, ಉಗುರಿನಷ್ಟಗಲದ ಅಕ್ರಿಲಿಕ್ ಎಲೆ ಮಾಡಿದೆ. ಕೆನ್ನೆ ಎದ್ದರೆ ಎಲೆ ಅದುಮುತ್ತದೆ, ಹುಟ್ಟು ಬೀಳುತ್ತದೆ. ಹಳೆಯ ಕಂಟ್ರೋಲರ್‌ನ ವೈರನ್ನೇ ಎಳೆದಿದ್ದೇನೆ. ಅದೇ ಸ್ವಿಚ್ಚನ್ನು ಒಂದು ಕರೆಗಂಟೆಗೂ ಜೋಡಿಸಬಹುದು. ಕರೆಯಬೇಕಾದರೆ ಒತ್ತುತ್ತಾನೆ. ಏನಾದರೂ ಕೇಳಿದರೆ ಒಂದು ಸಲ ಹೌದು, ಎರಡು ಸಲ ಇಲ್ಲ.

ಇದನ್ನು ಕಂಡು ಮಾತಿನ ತರಬೇತಿ ಕೊಡುವಾಕೆ, "ನೀವು ಇದನ್ನ ಎಲ್ಲಿ ಕಲಿತ್ರಿ?" ಎಂದು ಕೇಳಿದಳು. ಅಣ್ಣ ಹಲಗೆಯ ಮೇಲೆ ತೋರಿಸಿದ: ಬಾಯಲ್ಲಿ.

ಆಗಸ್ಟ್ 25

ಆಸ್ಪತ್ರೆಗೆ ಹೋಗಿ ಬಂದೆವು. ಉಸಿರಿನ ಡಾಕ್ಟರು ಮೆಲುದನಿಯ ಹೆಂಗಸು, ಮುಚ್ಚಿಟ್ಟು ಮಾತಾಡುವವರಲ್ಲ. ಎದೆಯ ಸ್ನಾಯುಗಳೂ ಸೋಲುತ್ತಿವೆ. ಯಾವತ್ತಾದರೊಂದು ದಿನ ಗಂಟಲಲ್ಲಿ ರಂಧ್ರ ಮಾಡಿ ಉಸಿರಾಟದ ಯಂತ್ರಕ್ಕೆ ಜೋಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಬರುತ್ತದೆ, ಈಗಲೇ ಯೋಚಿಸಿ ಎಂದರು. ಜೋಡಿಸಿದರೆ ವರ್ಷಗಟ್ಟಲೆ ಬದುಕಬಹುದು. ಆದರೆ ಹಾಸಿಗೆಯಲ್ಲೇ, ಬರಬರುತ್ತಾ ಕಣ್ಣೂ ಕೆನ್ನೆಯೂ ನಿಲ್ಲಬಹುದು.

ಅಣ್ಣ ಹಲಗೆ ಕೇಳಿದ. ಬೇ, ಡ.

ಅವನ ಮನಸ್ಸು ಕುಗ್ಗಿದೆ, ಸ್ವಲ್ಪ ಟೈಮ್ ಕೊಡಿ ಎಂದು ನಾನು ಡಾಕ್ಟರಿಗೆ ಹೇಳಿದೆ. ಯಂತ್ರ ಇಟ್ಟುಕೊಂಡು ಇನ್ನೂ ಎಷ್ಟೋ ಮಾಡಬಹುದು, ಹೊಸ ಸ್ವಿಚ್‌ಗಳ ಯೋಚನೆ ನನ್ನ ತಲೆಯಲ್ಲಿದೆ ಎಂದೆ. ಅತ್ತಿಗೆ ಕಲ್ಲಿನ ಹಾಗೆ ಕೂತಿದ್ದಳು. ಇದು ಬೇಗ ಮುಗಿಯಲಿ ಅಂತಿದೆಯೋ ಏನೋ ಅವಳಿಗೆ. ಬರೆಯಬಾರದಿತ್ತು. ಬರೆದಾಯಿತು, ಇರಲಿ.

ಸೆಪ್ಟೆಂಬರ್ 14, ಭಾನುವಾರ

ಆಟ ಸರಿಹೋಗುತ್ತಿಲ್ಲ. ನನ್ನ ಎಡಗಡೆಯ ಹುಟ್ಟು ಬೀಳುತ್ತದೆ, ಅವನ ಬಲಗಡೆಯದು ಬೀಳುವುದೇ ಇಲ್ಲ. ದೋಣಿ ಇದ್ದಲ್ಲೇ ಗಾಣದೆತ್ತಿನಂತೆ ಸುತ್ತುತ್ತದೆ. ಸ್ವಿಚ್ ಬಿಚ್ಚಿ ಸ್ಪ್ರಿಂಗ್ ಬದಲಿಸಿದೆ. ಇನ್ನೂ ತೆಳ್ಳನೆಯದು ಹಾಕಿದೆ. ಉಸಿರು ತಾಗಿದರೂ ಒತ್ತಿಹೋಗುವಷ್ಟು ಹಗುರ. ಆದರೂ ಇಲ್ಲ. ಹಲಗೆ ಹಿಡಿದೆ. ‘ಸಾಕು’ ಎಂದು ತೋರಿಸಿದ. ಸ್ಪ್ರಿಂಗ್ ಇಷ್ಟು ಮೆತ್ತಗಾದದ್ದು ಸಾಕು ಎಂದಿರಬೇಕು.

ವಿಚಿತ್ರವೆಂದರೆ ಅದೇ ಸ್ವಿಚ್ಚನ್ನು ಗಂಟೆಗೆ ಜೋಡಿಸಿದರೆ ಚೆನ್ನಾಗಿಯೇ ಒತ್ತುತ್ತಾನೆ. ಅತ್ತಿಗೆಯನ್ನು ಕರೆದು ದಿಂಬು ಸರಿಮಾಡಿಸಿಕೊಂಡ. ಹಾಗಾದರೆ ದೋಷ ಆಟದ ವೈರಿನಲ್ಲೇ ಇರಬೇಕು.

ಸೆಪ್ಟೆಂಬರ್ 28

ವೈರು ಹೊಸದು ಹಾಕಿದೆ. ಕಾರ್ಟ್ರಿಡ್ಜ್ ಬಿಚ್ಚಿ ಒಳಗಿನ ಪಟ್ಟಿ ಒರೆಸಿದೆ. ಮೆಷಿನ್ನೂ ಬಿಚ್ಚಿದೆ. ಅಣ್ಣ ಹಲಗೆಯಲ್ಲಿ ‘ಹಲ್ಲಿ ನೀ ಆಡು’ ಎಂದ. ಪರೀಕ್ಷೆ ಮಾಡಲು ಹೇಳುತ್ತಿದ್ದಾನೆ ಎಂದುಕೊಂಡು ಅವನ ಕನ್ನಡಕ ತೆಗೆದು ಸ್ವಿಚ್ಚನ್ನು ಕೈಯಲ್ಲಿ ಒತ್ತಿ ನೋಡಿದೆ. ಹುಟ್ಟು ಬಿತ್ತು. ಎಲ್ಲವೂ ಸರಿಯಿದೆ. ದೋಷ ಎಲ್ಲಿದೆ ಎಂದು ತಿಳಿಯುತ್ತಿಲ್ಲ.

ಅಕ್ಟೋಬರ್ 21

ಲ್ಯಾಬಿನಲ್ಲಿ ಒಬ್ಬರ ಮೇಲ್ದವಡೆಯನ್ನು ಇನ್ನೊಬ್ಬರ ಕೆಳದವಡೆಗೆ ಜೋಡಿಸಿ ಕಳಿಸಿಬಿಟ್ಟಿದ್ದೇನೆ. ಯಜಮಾನರು ಬೈಯಲಿಲ್ಲ. "ಸ್ವಲ್ಪ ದಿನ ರಜ ತಗೋಮ್ಮಾ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 5, ಬುಧವಾರ

ಎದೆಯಲ್ಲಿ ಕಫ, ಜ್ವರ. ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಅತ್ತಿಗೆ ಅವನನ್ನು ಎತ್ತಿಕೊಂಡೇ ಮೆಟ್ಟಿಲಿಳಿದಳು. ಆಂಬುಲೆನ್ಸಿನವರು ಸ್ಟ್ರೆಚರ್ ಬಿಚ್ಚುವುದರೊಳಗೆ ಅವಳು ಕೆಳಗಿದ್ದಳು. ಆಸ್ಪತ್ರೆಯಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ ಗಾಳಿ ಒತ್ತುತ್ತಿದ್ದಾರೆ. ಪ್ರಶ್ನೆ ನಾಳೆ ಕೇಳಲೇಬೇಕು ಎಂದರು ಡಾಕ್ಟರು.

ನವೆಂಬರ್ 6, ಗುರುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಅವನ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ರೆಪ್ಪೆ ಸುಮ್ಮನೆ ಬಡಿಯುತ್ತಲೇ ಇರುತ್ತದೆ. ಹಲಗೆ ಹಿಡಿದರೆ ನೋಟ ನಿಲ್ಲುವುದಿಲ್ಲ. ಇವರ ಕಣ್ಣಿನಿಂದ ಏನನ್ನೂ ಖಚಿತವಾಗಿ ತಿಳಿಯಲಾಗುತ್ತಿಲ್ಲ, ಬೇರೆ ದಾರಿ ಇದೆಯೇ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅತ್ತಿಗೆ, "ಇವಳು ಒಂದು ಸ್ವಿಚ್ ಮಾಡಿದ್ದಾಳೆ," ಎಂದಳು.

ಮನೆಗೆ ಹೋಗಿ ತಂದೆ. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಹಳೆಯ ಸ್ವಿಚ್‌ಗಳಿಗೆ ಒಂದು ರೋಗವಿದೆ. ಒಳಗಿನ ಲೋಹ ಸವೆದಿದ್ದರೆ ಒಂದು ಸಲ ಒತ್ತಿದ್ದು ಅದುರಿ ಎರಡಾಗುತ್ತದೆ. ಆಟದಲ್ಲಿ ಒಮ್ಮೆ ಹಾರು ಅಂದರೆ ಎರಡು ಸಲ ಹಾರುತ್ತದೆ. ಅಣ್ಣ ಅದಕ್ಕೆ ‘ಬಿಕ್ಕಳಿಕೆ’ ಎನ್ನುತ್ತಿದ್ದ. ಒಂದು ಸಲ ಎಂದರೆ ಹೌದು, ಎರಡು ಸಲ ಎಂದರೆ ಇಲ್ಲ. ಅವನು ಇಲ್ಲ ಎಂದರೆ, ಈ ಸ್ವಿಚ್ ಬಿಕ್ಕಳಿಸುತ್ತದೆ, ಅವನು ಒತ್ತಿದ್ದು ಒಂದೇ ಸಲ ಎಂದು ಹೇಳುವುದು. ಇಡೀ ಆಸ್ಪತ್ರೆಯಲ್ಲಿ ಇದನ್ನು ಅಲ್ಲ ಎನ್ನಬಲ್ಲವರು ಯಾರೂ ಇಲ್ಲ. ಅಣ್ಣನೊಬ್ಬನೇ. ಅವನಿಗೆ ಬಾಯಿಲ್ಲ.

ಕನ್ನಡಕ ಹಾಕಿ, ಮಾಸ್ಕಿನ ಪಟ್ಟಿಯ ಪಕ್ಕದಲ್ಲಿ ಎಲೆಯನ್ನು ಕೆನ್ನೆಗೆ ತಾಗಿಸಿದೆ. ಕೆನ್ನೆ ಸುಡುತ್ತಿತ್ತು. ಗಂಟೆಯನ್ನು ಹೊದಿಕೆಯ ಮೇಲಿಟ್ಟೆ. ಡಾಕ್ಟರು ಬಗ್ಗಿ, ಅವಸರವಿಲ್ಲದೆ, ಪ್ರತಿ ಮಾತನ್ನೂ ಬಿಡಿಸಿ ಹೇಳಿದರು. ಆಮೇಲೆ ಕೇಳಿದರು.

"ಗಂಟಲಿಗೆ ರಂಧ್ರ ಮಾಡಿ ಯಂತ್ರಕ್ಕೆ ಹಾಕೋದು ನಿಮಗೆ ಬೇಕಾ?"

ಗಂಟೆ ಬಡಿಯಿತು. ನಡುವೆ ಗಾಳಿಯ ಸದ್ದು. ಮತ್ತೆ ಬಡಿಯಿತು.

ಡಾಕ್ಟರು ನನ್ನ ಕಡೆ ತಿರುಗಿದರು. "ಇದನ್ನ ಮಾಡಿದ್ದು ನೀವೇ ಅಲ್ವಾ? ಇದನ್ನ ಎಷ್ಟು ನಂಬಬಹುದು? ಒಂದು ಸಲ ಒತ್ತಿದ್ದು ಎರಡಾಗಿ ಕೇಳಿಸೋ ಹಾಗೇನಾದ್ರೂ ಇದೆಯಾ? ನಂಬೋ ಹಾಗಿಲ್ಲ ಅಂದ್ರೆ ಮನೆಯವರು ನೀವಿಬ್ಬರೂ ಸೇರಿ ತೀರ್ಮಾನ ಮಾಡ್ಬೇಕಾಗುತ್ತೆ."

ನಾನು ಬಸ್ಸಿನಲ್ಲಿ ಜೋಡಿಸಿದ ಮಾತಿಗೆ ಅವರೇ ಬಾಗಿಲು ತೆರೆದು ನಿಂತಿದ್ದರು. ಅತ್ತಿಗೆ ಮಂಚದ ಆ ಕಡೆ ಕಂಬಿ ಹಿಡಿದು ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಅಣ್ಣನ ರೆಪ್ಪೆ ಪಟಪಟ ಬಡಿಯುತ್ತಿತ್ತು. ಅವನು ನನ್ನನ್ನು ನೋಡುತ್ತಿದ್ದನೋ ಇಲ್ಲವೋ ಗೊತ್ತಿಲ್ಲ.

"ಇಲ್ಲ," ಎಂದೆ. "ಇದು ಬಿಕ್ಕಳಿಸಲ್ಲ. ಸವೆಯಬಾರದು ಅಂತ ಶನಿವಾರ ತಾನೇ ಒಳಗೆ ಹೊಸ ಬೆಳ್ಳಿ ತಗಡು ಹಾಕಿದ್ದೀನಿ. ಎರಡು ಕೇಳಿಸಿದ್ರೆ ಎರಡು ಸಲ ಒತ್ತಿದ್ದಾನೆ ಅಂತಲೇ."

ಯಾಕೆ ಹಾಗೆ ಹೇಳಿದೆ ಎಂದು ಈಗಲೂ ಗೊತ್ತಾಗುತ್ತಿಲ್ಲ. ಅವನ ಮೇಲಿನ ಪ್ರೀತಿಯೆಂದು ಬರೆದುಕೊಂಡರೆ ಓದಲು ಚೆಂದ. ಆದರೆ ನಾನು ಮಾಡಿದ್ದನ್ನು ಕೆಟ್ಟಿದೆ ಎಂದು ನನ್ನ ಬಾಯಲ್ಲೇ ಹೇಳಲು ಆಗಲಿಲ್ಲ, ಅಷ್ಟೇ ಇರಬಹುದು. ನನ್ನೊಳಗಿನ ತಂಗಿ ಬಾಯಿ ತೆರೆಯುವುದರೊಳಗೆ ರಿಪೇರಿಯವಳು ಬಾಯಿ ತೆರೆದುಬಿಟ್ಟಳು.

ಡಾಕ್ಟರು ಇನ್ನೊಮ್ಮೆ, ಪ್ರಶ್ನೆಯನ್ನು ತಿರುವಿ ಕೇಳಿದರು. "ಯಂತ್ರ ಹಾಕದೆ, ನೋವಾಗದ ಹಾಗೆ ನೋಡಿಕೊಂಡು, ಹಾಗೇ ಬಿಡೋದು. ಅದು ನಿಮಗೆ ಬೇಕಾ?"

ಒಂದು ಸಲ ಬಡಿಯಿತು. ನಾವೆಲ್ಲರೂ ಕಾದೆವು. ಮತ್ತೆ ಬಡಿಯಲಿಲ್ಲ.

ಹೊರಗೆ ಬಂದು ಗೋಡೆಗೆ ಆತು ಕೂತೆ. ಸೆಪ್ಟೆಂಬರಿನಲ್ಲಿ ಬಿಚ್ಚಿದ ಸ್ಪ್ರಿಂಗ್, ವೈರು, ಪಟ್ಟಿ ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದವು. ಯಾವುದರಲ್ಲೂ ದೋಷ ಇರಲಿಲ್ಲ.

ನವೆಂಬರ್ 11

ಮನೆಗೆ ಕರೆತಂದೆವು. ಜ್ವರ ಇಳಿದಿದೆ. ನೋವಿಗೆ, ಏದುಸಿರಿಗೆ ಔಷಧಿ ಕೊಟ್ಟಿದ್ದಾರೆ. ಮಾಸ್ಕ್ ಆಗಾಗ ಹಾಕುತ್ತೇವೆ.

ಸಂಜೆ ಬಿಸಿಲು ಗೋಡೆಯ ಮೇಲಿತ್ತು. "ಆಡೋಣ್ವಾ?" ಎಂದು ಕೇಳಿದೆ. ಗಂಟೆ ಎರಡು ಸಲ.

"ಸರಿ." ವೈರು ಸುತ್ತಿಡಲು ಹೋದವಳು ನಿಲ್ಲಿಸಿದೆ. "ನಾನು ಆಡ್ಲಾ? ನೋಡ್ತೀಯಾ?"

ಒಂದು ಸಲ.

ಎರಡು ಕಂಟ್ರೋಲರ್‌ಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಎರಡು ಹುಟ್ಟನ್ನೂ ನಾನೇ ಹಾಕಿದೆ. ಒಂದು ಕೈ ಮಾಡಿದ್ದು ಇನ್ನೊಂದು ಕೈಗೆ ಗೊತ್ತಾಗುವುದಿಲ್ಲ. ಮೊದಲ ಬಂಡೆಗೇ ಹೋಗಿ ಗುದ್ದಿದೆ. ಮತ್ತೆ ಶುರು ಮಾಡಿದೆ, ಮತ್ತೆ ಅದೇ ಬಂಡೆ. ಹಾಸಿಗೆಯಿಂದ ಗಂಟೆ ಬಡಿಯಿತು. ಏನು ಬೇಕೆಂದು ಓಡಿಹೋದೆ. ಏನೂ ಬೇಕಿರಲಿಲ್ಲ. ನಗುತ್ತಿದ್ದ. ಕೆನ್ನೆ ಎದ್ದರೆ ಗಂಟೆ ಬಡಿಯುತ್ತದಲ್ಲ.

ಅತ್ತಿಗೆ ಬಂದು ಅವನ ಕಾಲ ಬುಡದಲ್ಲಿ ಕೂತಳು. "ಬಲಕ್ಕೆ, ಬಲಕ್ಕೆ," ಎಂದಳು ನನಗೆ. ಇಷ್ಟು ತಿಂಗಳು ಬಾಗಿಲಲ್ಲಿ ನಿಂತು ನೋಡಿಯೇ ಕಲಿತಿದ್ದಳು.

ನವೆಂಬರ್ 19, ಬುಧವಾರ

ಮಧ್ಯಾಹ್ನ ಹೋದ. ನಾನು ಲ್ಯಾಬಿನಲ್ಲಿ ಯಾರದೋ ಬಾಚಿಹಲ್ಲು ಉಜ್ಜುತ್ತಿದ್ದೆ. ಅತ್ತಿಗೆ ಜೊತೆಗಿದ್ದಳು. ನಿದ್ದೆಯಲ್ಲೇ, ಎಂದಳು.

ಡಿಸೆಂಬರ್ 2, ಮಂಗಳವಾರ

ಬಾಡಿಗೆಗೆ ತಂದಿದ್ದ ಆಸ್ಪತ್ರೆಯ ಮಂಚವನ್ನು ವಾಪಸು ಒಯ್ಯಲು ಗಾಡಿ ಬರುವುದಿತ್ತು. ಅತ್ತಿಗೆಯೂ ನಾನೂ ಹಾಸಿಗೆ ತೆಗೆದು, ಕಂಬಿಗಳನ್ನು ಬಿಚ್ಚುತ್ತಿದ್ದೆವು. ಒಂದು ಬೋಲ್ಟ್ ತಿರುಗುತ್ತಿರಲಿಲ್ಲ. ನಾನು ನನ್ನ ಪೆಟ್ಟಿಗೆಯಿಂದ ಎಣ್ಣೆ ತಂದು ಹನಿಸಿದೆ.

"ಅವತ್ತು ನೀನು ಸುಳ್ಳು ಹೇಳ್ತೀಯ ಅಂದ್ಕೊಂಡಿದ್ದೆ," ಎಂದಳು ಅತ್ತಿಗೆ. ತಲೆ ಎತ್ತಲಿಲ್ಲ.

"ನಾನೂ ಹಾಗೇ ಅಂದ್ಕೊಂಡಿದ್ದೆ."

"ಸ್ವಿಚ್ ಕೆಟ್ಟಿದೆ ಅಂತ ಒಂದು ಮಾತು."

"ಹೂಂ. ದಾರಿಯಲ್ಲಿ ಅದನ್ನೇ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ನೀನು ಬೇಡ ಅಂತೀಯ, ಜಗಳ ಆಗುತ್ತೆ, ಅದಕ್ಕೂ ಉತ್ತರ ಇಟ್ಕೊಂಡಿದ್ದೆ."

ಅವಳು ಸ್ಪ್ಯಾನರ್ ಕೆಳಗಿಟ್ಟಳು. ಹಾಸಿಗೆಯಿಲ್ಲದ ಮಂಚದ ಕಬ್ಬಿಣದ ಪಟ್ಟಿಗಳ ಮೇಲೆ ಎರಡೂ ಕೈ ಊರಿದಳು.

"ಜಗಳ ಎಲ್ಲಿಂದ ಬಂತು? ನೀನು ಹೇಳಿದ್ರೆ ನಾನು ಸುಮ್ನಿರ್ತಿದ್ದೆ. ಅವನಿಗೆ ಏನು ಬೇಕು ಅಂತ ನನಗೆ ಗೊತ್ತಿತ್ತು, ಅವನ ಎದುರಿಗೆ ಅವನ ಮಾತನ್ನ ಅಲ್ಲ ಅನ್ನೋಕೆ ನನಗಾಗ್ತಿರಲಿಲ್ಲ. ನೀನಾದ್ರೂ ಆ ಸುಳ್ಳು ಹೇಳ್ತೀಯ ಅಂತ ಕಾಯ್ತಾ ನಿಂತಿದ್ದೆ ಕಣೇ. ಹೇಳು, ಹೇಳು ಅಂತ."

ನನ್ನ ಕೈಯಲ್ಲಿ ಎಣ್ಣೆಯ ಡಬ್ಬಿ ಹಾಗೇ ಇತ್ತು. ಅದರ ಮುಚ್ಚಳ ಹಾಕಿದೆ. ಕೆಳಗೆ ಗಾಡಿಯವನು ಹಾರ್ನ್ ಹೊಡೆದ.

"ಆ ಕಡೆ ಹಿಡಿ," ಎಂದಳು ಅತ್ತಿಗೆ.

ಅವಳೊಬ್ಬಳೇ ಎತ್ತಬಲ್ಲಳು. ಆದರೂ ಹಿಡಿದೆ. ಬಾಗಿಲಲ್ಲಿ ಸ್ವಲ್ಪ ವಾಲಿಸಬೇಕಾಯಿತು, ಮೆಟ್ಟಿಲಿನ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡೆವು, ಮತ್ತೆ ಇಳಿದೆವು.